ಬೇರಿನ ಗಂಟು: ಒಂದು ಗಿಡದಲ್ಲಿ ಇದ್ದದ್ದು ಇನ್ನೊಂದರಲ್ಲಿ ಏಕಿಲ್ಲ?



ಹಾಲಿನ ಉತ್ಪಾದನಾ ವೆಚ್ಚದಲ್ಲಿ ದೊಡ್ಡ ಪಾಲು ಮೇವು ಮತ್ತು ಪಶು ಆಹಾರಕ್ಕೆ ಹೋಗುತ್ತದೆ ಎಂಬುದು ನಿಮಗೆ ಗೊತ್ತೇ ಇದೆ. ಅದರಲ್ಲೂ ದುಬಾರಿಯಾದ ಅಂಶ ಪ್ರೋಟೀನ್. ಹಿಂಡಿ ಮೂಟೆಗೆ ನಾವು ಹಣ ಕೊಡುವುದೇ ಅದಕ್ಕಾಗಿ. ಈ ಪ್ರೋಟೀನನ್ನು ಹೊಲದಲ್ಲೇ ಬೆಳೆದುಕೊಳ್ಳುವ ದಾರಿ ದ್ವಿದಳ ಮೇವು: ಅಲಸಂದೆ, ಕುದುರೆ ಮಸಾಲೆ, ಹುರುಳಿ, ಸ್ಟೈಲೋ, ಜೊತೆಗೆ ಕಡಲೆಕಾಯಿ ಬಳ್ಳಿ, ಅವರೆ ಗಿಡ.

ದ್ವಿದಳ ಬೆಳೆ ಗಾಳಿಯಿಂದಲೇ ಸಾರಜನಕ ಹಿಡಿದುಕೊಳ್ಳುತ್ತದೆ, ಅದಕ್ಕೆ ಯೂರಿಯಾ ಬೇಡ ಎಂದು ತರಬೇತಿಗಳಲ್ಲಿ ಕೇಳಿರುತ್ತೀರಿ. ಮಾತು ನಿಜ. ಆದರೆ ಎಲ್ಲ ದ್ವಿದಳ ಬೆಳೆಗಳೂ, ಒಂದೇ ಬೆಳೆಯ ಎಲ್ಲ ತಳಿಗಳೂ, ಒಂದೇ ತಳಿಯ ಎಲ್ಲ ಗಿಡಗಳೂ ಈ ಕೆಲಸವನ್ನು ಒಂದೇ ಸಮನಾಗಿ ಮಾಡುವುದಿಲ್ಲ. ಹಸುಗಳಲ್ಲಿ ಹಾಲು ಕೊಡುವ ಗುಣ ವಂಶದಿಂದ ಬರುವ ಹಾಗೆಯೇ, ಗಿಡಗಳಲ್ಲಿ ಬೇರುಗಂಟು ಕಟ್ಟುವ ಗುಣವೂ ವಂಶದಿಂದ ಬರುತ್ತದೆ. ಇದರ ಬಗ್ಗೆ ನಮ್ಮ ಕರ್ನಾಟಕದ ಒಂದು ತಳಿಯಲ್ಲೇ ಸಿಕ್ಕ ಪಾಠವಿದೆ. ಅದನ್ನೂ, ಅದರಿಂದ ನಮ್ಮ ಹೊಲದಲ್ಲಿ ಮಾಡಿಕೊಳ್ಳಬಹುದಾದ ಕೆಲಸವನ್ನೂ ಈ ಲೇಖನದಲ್ಲಿ ತಿಳಿಯೋಣ.

ಗಂಟು ಹೇಗೆ ಕಟ್ಟುತ್ತದೆ?

ಗಾಳಿಯಲ್ಲಿ ಶೇ. 78ರಷ್ಟು ಸಾರಜನಕವಿದೆ. ಆದರೆ ಯಾವ ಗಿಡವೂ ಅದನ್ನು ನೇರವಾಗಿ ಬಳಸಲಾರದು. ರೈಜೋಬಿಯಂ ಗುಂಪಿನ ಮಣ್ಣಿನ ಬ್ಯಾಕ್ಟೀರಿಯಾಗಳು ಅದನ್ನು ಗಿಡಕ್ಕೆ ದಕ್ಕುವ ರೂಪಕ್ಕೆ ಬದಲಿಸುತ್ತವೆ. ಇವು ಒಳಸೇರಿ ವಾಸಿಸುವ ಮನೆಯೇ ಬೇರುಗಂಟು. ಜರ್ಮನಿಯ ಹೆಲ್‌ರೀಗೆಲ್ 1886ರಲ್ಲಿ ದ್ವಿದಳ ಗಿಡಗಳ ಸಾರಜನಕಕ್ಕೆ ಈ ಗಂಟುಗಳೇ ಮೂಲವೆಂದು ತಿಳಿಸಿದರು. 1888ರಲ್ಲಿ ಹಾಲೆಂಡಿನ ಬೈಜರಿಂಕ್ ಗಂಟಿನಿಂದ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿ ಬೆಳೆಸಿದರು.

ಗಂಟು ಕಟ್ಟುವ ಮೊದಲು ಗಿಡಕ್ಕೂ ಬ್ಯಾಕ್ಟೀರಿಯಾಕ್ಕೂ ಒಂದು ಮಾತುಕತೆ ನಡೆಯಬೇಕು. ಸಾರಜನಕ ಸಾಲದಾದಾಗ ಗಿಡ ಬೇರಿನಿಂದ ಕೆಲವು ರಾಸಾಯನಿಕಗಳನ್ನು ಮಣ್ಣಿಗೆ ಬಿಡುತ್ತದೆ. ಅದನ್ನು ಗುರುತಿಸಿದ ಬ್ಯಾಕ್ಟೀರಿಯಾ ತನ್ನದೇ ಒಂದು ಸಂಕೇತವನ್ನು ಹಿಂದಕ್ಕೆ ಕಳಿಸುತ್ತದೆ. ಬೇರಿನ ಮೇಲಿರುವ ಗ್ರಾಹಿಗಳು, ಅಂದರೆ ಗಿಡದ ಕಿವಿಗಳು, ಆ ಸಂಕೇತವನ್ನು ಗುರುತಿಸಿದರೆ ಮಾತ್ರ ಬಾಗಿಲು ತೆರೆಯುತ್ತದೆ. ಬಹಳಷ್ಟು ದ್ವಿದಳ ಗಿಡಗಳಲ್ಲಿ ಬೇರುರೋಮ ಸುರುಳಿಯಾಗಿ ಸುತ್ತಿಕೊಂಡು ಬ್ಯಾಕ್ಟೀರಿಯಾವನ್ನು ಒಳಗೆ ಎಳೆದುಕೊಳ್ಳುತ್ತದೆ. ಕಡಲೆಕಾಯಿಯಲ್ಲಿ ಕವಲು ಬೇರು ಹೊರಬರುವ ಜಾಗದ ಸಂದಿನಿಂದ ಅದು ಒಳಸೇರುತ್ತದೆ. ನಂತರ ಗಂಟು ಬೆಳೆದು, ಗಿಡ ಸಕ್ಕರೆ ಕೊಡುತ್ತದೆ, ಬ್ಯಾಕ್ಟೀರಿಯಾ ಸಾರಜನಕ ಕೊಡುತ್ತದೆ.

ಸಂಕೇತ ಬಿಡುವುದು, ಗುರುತಿಸುವುದು, ಬಾಗಿಲು ತೆರೆಯುವುದು, ಗಂಟು ಬೆಳೆಸುವುದು, ಸಾಕಾದಾಗ ನಿಲ್ಲಿಸುವುದು: ಪ್ರತಿ ಹಂತಕ್ಕೂ ಗಿಡದಲ್ಲಿ ಬೇರೆ ಬೇರೆ ವಂಶವಾಹಿಗಳಿವೆ. ಇವುಗಳಲ್ಲಿ ಮುಖ್ಯವಾದ ಒಂದು ಕೆಟ್ಟರೂ ಗಂಟು ಕಟ್ಟುವುದಿಲ್ಲ. ಅಮೆರಿಕದಲ್ಲಿ 1954ರಲ್ಲಿ ವರದಿಯಾದ ಗಂಟು ಕಟ್ಟದ ಸೋಯಾ ಅವರೆ ಇಂಥದ್ದೇ. ಒಂದೇ ಒಂದು ವಂಶವಾಹಿಯ ದೋಷ ಅದಕ್ಕೆ ಕಾರಣವಾಗಿತ್ತು. ಆ ವಂಶವಾಹಿ ಕೆಲಸ ಮಾಡುವುದು ಸಂಕೇತವನ್ನು ಗುರುತಿಸುವ ಗ್ರಾಹಿಯಲ್ಲಿ ಎಂದು ಮುಂದೆ ಗೊತ್ತಾಯಿತು. ಬ್ಯಾಕ್ಟೀರಿಯಾ ಬಾಗಿಲಲ್ಲಿ ಎಷ್ಟು ಕೂಗಿದರೂ ಆ ಗಿಡಕ್ಕೆ ಕೇಳಿಸುವುದಿಲ್ಲ.

ಗಂಟಿಗೂ ಹಾಲಿಗೂ ಏನು ಸಂಬಂಧ?

ಮೇವಿನ ಪ್ರೋಟೀನಿನಲ್ಲಿ ಸುಮಾರು ಶೇ. 16ರಷ್ಟು ಸಾರಜನಕ ಇರುತ್ತದೆ. ಆದ್ದರಿಂದಲೇ ಪ್ರಯೋಗಾಲಯದಲ್ಲಿ ಮೇವಿನ ಸಾರಜನಕವನ್ನು ಅಳೆದು 6.25ರಿಂದ ಗುಣಿಸಿ ಕಚ್ಚಾ ಪ್ರೋಟೀನ್ ಎಂದು ಬರೆಯುತ್ತಾರೆ. ಒಂದು ಲೀಟರ್ ಹಸುವಿನ ಹಾಲಿನಲ್ಲಿ ಸುಮಾರು 33 ಗ್ರಾಂ ಪ್ರೋಟೀನ್, ಅಂದರೆ ಸುಮಾರು 5 ಗ್ರಾಂ ಸಾರಜನಕ ಇದೆ. ಹಸು ತಿಂದ ಸಾರಜನಕದಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಮಾತ್ರ ಹಾಲಿಗೆ ಬರುತ್ತದೆ. ಉಳಿದದ್ದು ಸಗಣಿ, ಗಂಜಲದಲ್ಲಿ ಹೋಗುತ್ತದೆ. ಹಾಗಾಗಿ ದಿನಕ್ಕೆ 10 ಲೀಟರ್ ಕೊಡುವ ಹಸುವಿನ ಮೇವಿನಲ್ಲಿ ಸುಮಾರು 200 ಗ್ರಾಂ ಸಾರಜನಕ, ಅಂದರೆ ಸುಮಾರು 1.25 ಕೆ.ಜಿ. ಪ್ರೋಟೀನ್ ಇರಬೇಕಾಗುತ್ತದೆ.

ರಾಗಿ ಹುಲ್ಲಿನ ಒಣ ತೂಕದಲ್ಲಿ ಪ್ರೋಟೀನ್ ಶೇ. 3ರಿಂದ 4 ಮಾತ್ರ. ಹಸಿರು ಮೆಕ್ಕೆಜೋಳದಲ್ಲಿ ಶೇ. 8ರಿಂದ 10. ಅಲಸಂದೆ ಮೇವಿನಲ್ಲಿ ಶೇ. 15ರಿಂದ 20, ಕುದುರೆ ಮಸಾಲೆಯಲ್ಲಿ ಶೇ. 20ರ ಆಸುಪಾಸು. ಈ ವ್ಯತ್ಯಾಸದ ಹಿಂದೆ ಕೆಲಸ ಮಾಡುವುದು ಗಂಟು. ಬೆಳಗಿನ ಜಾವ ಶ್ರೀರಾಂಪುರ, ಮಲ್ಲೇಶ್ವರ, ಚಾಮರಾಜಪೇಟೆಯ ಮನೆಬಾಗಿಲಿಗೆ ತಲುಪುವ ಹಾಲಿನ ಪ್ಯಾಕೆಟ್ಟಿನಲ್ಲಿರುವ ಪ್ರೋಟೀನಿನಲ್ಲಿ, ನಿಮ್ಮ ಹೊಲದ ಅಲಸಂದೆ ಬೇರು ಗಾಳಿಯಿಂದ ಹಿಡಿದ ಸಾರಜನಕವೂ ಸೇರಿರುತ್ತದೆ. ಗಂಟು ಕಟ್ಟದಿದ್ದರೆ ಅಷ್ಟನ್ನೂ ಯೂರಿಯಾ ಚೀಲದಿಂದ ಅಥವಾ ಹಿಂಡಿ ಮೂಟೆಯಿಂದ ತುಂಬಬೇಕು.

ಅಣ್ಣಿಗೇರಿ ಕಡಲೆ ಕಲಿಸಿದ ಪಾಠ

ಧಾರವಾಡ ಜಿಲ್ಲೆಯ ಅಣ್ಣಿಗೇರಿ ಪಂಪನ ಊರೆಂದು ಹೆಸರಾದದ್ದು. ರೈತರಿಗೆ ಅದು ಕಡಲೆಯ ಊರು. ಅಣ್ಣಿಗೇರಿ ಹೆಸರಿನ ಕಡಲೆ ತಳಿ ಉತ್ತರ ಕರ್ನಾಟಕದ ಎರೆ ಭೂಮಿಯಲ್ಲಿ ದಶಕಗಳಿಂದ ಹಿಂಗಾರಿ ಬೆಳೆಯಾಗಿ ನಿಂತಿದೆ. ಹೈದರಾಬಾದ್ ಬಳಿಯ ಪಟಾನ್‌ಚೆರುವಿನಲ್ಲಿರುವ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್‌ನ ವಿಜ್ಞಾನಿ ಒ.ಪಿ. ರುಪೇಲಾ ಅವರು ಅಣ್ಣಿಗೇರಿ ಹಾಗೂ ಇನ್ನು ಕೆಲವು ಕಡಲೆ ತಳಿಗಳ ಬೇರುಗಳನ್ನು ಅಗೆದು ಪರೀಕ್ಷಿಸಿದರು. ಬಹಳ ವಿರಳವಾಗಿ, ಅಲ್ಲೊಂದು ಇಲ್ಲೊಂದು ಗಿಡದಲ್ಲಿ ಒಂದು ಗಂಟೂ ಇರಲಿಲ್ಲ. ಅಕ್ಕಪಕ್ಕದ ಗಿಡಗಳಲ್ಲಿ ಗಂಟು ತುಂಬಿತ್ತು. ಅದೇ ಮಣ್ಣು, ಅದೇ ನೀರು, ಅದೇ ತಳಿ. ಗಂಟಿಲ್ಲದ ಗಿಡದ ಬೀಜ ತೆಗೆದು ಬಿತ್ತಿದಾಗ ಮಕ್ಕಳಲ್ಲೂ ಗಂಟು ಬರಲಿಲ್ಲ. ಯಾರೂ ವಿಕಿರಣ ಕೊಟ್ಟು, ಔಷಧಿ ಹಾಕಿ ಮಾಡಿದ ಬದಲಾವಣೆ ಇದಲ್ಲ. ತಾನಾಗಿ ಹುಟ್ಟಿ ತಳಿಯೊಳಗೆ ಸೇರಿಕೊಂಡದ್ದು. ಇದನ್ನು ಅವರು 1992ರಲ್ಲಿ ಪ್ರಕಟಿಸಿದರು.

ಅವರು ಅಲ್ಲಿಗೇ ನಿಲ್ಲಿಸಲಿಲ್ಲ. ಒಂದೇ ತಳಿಯೊಳಗೆ ಹೆಚ್ಚು ಗಂಟು ಕಟ್ಟುವ ಗಿಡಗಳನ್ನೂ ಕಡಿಮೆ ಗಂಟು ಕಟ್ಟುವ ಗಿಡಗಳನ್ನೂ ಬೇರೆ ಬೇರೆಯಾಗಿ ಆರಿಸಿದರು. ಗಿಡವನ್ನು ಜೋಪಾನವಾಗಿ ಕಿತ್ತು, ಬೇರು ನೋಡಿ, ಮತ್ತೆ ನೆಟ್ಟು, ಅದರಿಂದಲೇ ಬೀಜ ಪಡೆಯುವ ತಾಳ್ಮೆಯ ಕೆಲಸ ಅದು. ತೊಗರಿಯಲ್ಲೂ ಇದೇ ಬಗೆಯ ವ್ಯತ್ಯಾಸ ಕಂಡುಬಂತು.

ಗಂಟಿಲ್ಲದ ಕಡಲೆಯಿಂದ ವಿಜ್ಞಾನಿಗಳಿಗೆ ಒಂದು ಅಳತೆಗೋಲೂ ಸಿಕ್ಕಿತು. ಗಂಟು ಕಟ್ಟುವ ಮತ್ತು ಕಟ್ಟದ ಅಣ್ಣಿಗೇರಿಯನ್ನು ಪಕ್ಕಪಕ್ಕದಲ್ಲಿ ಬೆಳೆದರೆ, ಎರಡರ ಸಾರಜನಕದ ವ್ಯತ್ಯಾಸವೇ ಗಾಳಿಯಿಂದ ಬಂದ ಪಾಲು.

ಇಂಥ ಗಿಡಗಳು ಇಷ್ಟು ವರ್ಷ ಯಾರ ಕಣ್ಣಿಗೂ ಬೀಳದೆ ಉಳಿದದ್ದು ಹೇಗೆ? ಉತ್ತರ ಸರಳ. ತಳಿ ಆರಿಸುವವರು ಕಾಯಿ, ಕಾಳು, ರೋಗ ನೋಡುತ್ತಾರೆ. ಬೇರು ಮಣ್ಣಿನಡಿ ಇರುತ್ತದೆ. ಸಾರಜನಕ ಚೆನ್ನಾಗಿರುವ ಹೊಲದಲ್ಲಿ ಗಂಟಿಲ್ಲದ ಗಿಡವೂ ಹಸಿರಾಗಿ, ಕಾಯಿ ಬಿಟ್ಟು ನಿಲ್ಲುತ್ತದೆ. ಗೊಬ್ಬರ ಅದರ ಕುಂದನ್ನು ಮುಚ್ಚಿಬಿಡುತ್ತದೆ. ಬಡ ನೆಲದಲ್ಲಿ ಅದು ಹಳದಿಯಾದರೂ, ರೋಗ ಬಂತೆಂದೋ ನೀರು ನಿಂತಿತೆಂದೋ ನಾವು ಸುಮ್ಮನಾಗುತ್ತೇವೆ.

ಕಡಲೆಕಾಯಿಯಲ್ಲಿ ಹದಿನಾರಕ್ಕೆ ಒಂದು

ಕಾರ್ತಿಕ ಮಾಸದ ಕೊನೆಯ ಸೋಮವಾರ ಬಸವನಗುಡಿಯ ದೊಡ್ಡ ಬಸವಣ್ಣನ ಗುಡಿಯ ಮುಂದೆ ಕಡಲೆಕಾಯಿ ಪರಿಷೆ ನಡೆಯುತ್ತದೆ. ನಗರದವರಿಗೆ ಕಾಯಿ ಮುಖ್ಯ, ಹಸು ಕಟ್ಟಿದವರಿಗೆ ಕಾಯಿ ಬಿಡಿಸಿದ ಬಳ್ಳಿಯೂ ಮುಖ್ಯ. ಈ ಬೆಳೆಯಲ್ಲಿ ಸಿಕ್ಕ ಇನ್ನೊಂದು ಪಾಠ ತಳಿಸಂಕರದ ಬಗ್ಗೆ.

ಇಕ್ರಿಸ್ಯಾಟ್‌ನಲ್ಲಿ ಎರಡು ಕಡಲೆಕಾಯಿ ತಳಿಗಳನ್ನು ಸಂಕರ ಮಾಡಿದ್ದರು. ಎರಡರಲ್ಲೂ ಗಂಟು ಚೆನ್ನಾಗಿಯೇ ಇತ್ತು. ಆದರೆ ಮೊಮ್ಮಕ್ಕಳ ಪೀಳಿಗೆಯಲ್ಲಿ ಕೆಲವು ಗಿಡಗಳು ಹಳದಿಯಾದವು. ಕಿತ್ತು ನೋಡಿದರೆ ಗಂಟೇ ಇಲ್ಲ. ಗಂಟಿರುವ 15 ಗಿಡಕ್ಕೆ ಗಂಟಿಲ್ಲದ ಒಂದು ಗಿಡ ಎಂಬ ಲೆಕ್ಕ ಸಿಕ್ಕಿತು. ಇದರ ವಂಶವಿಚಾರ 1980ರಲ್ಲಿ ಪ್ರಕಟವಾಯಿತು. ಇದಕ್ಕೂ ಮುಂಚೆ, 1979ರಲ್ಲಿ, ಅಮೆರಿಕದಲ್ಲೂ ಗಂಟಿಲ್ಲದ ಕಡಲೆಕಾಯಿ ವರದಿಯಾಗಿತ್ತು.

ಗಂಟಿರುವ ಅಪ್ಪ ಅಮ್ಮನಿಗೆ ಗಂಟಿಲ್ಲದ ಮೊಮ್ಮಗು ಹೇಗೆ? ಊರಿನ ಟ್ಯಾಂಕಿಗೆ ನೀರು ಏರಿಸಲು ಎರಡು ಮೋಟರುಗಳಿವೆ ಎಂದುಕೊಳ್ಳಿ. ಒಂದು ಕೆಟ್ಟರೂ ಇನ್ನೊಂದು ನೀರು ಎತ್ತುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಕಡಲೆಕಾಯಿಯಲ್ಲಿ ಗಂಟಿನ ಕೆಲಸಕ್ಕೆ ಹೀಗೆ ಎರಡು ಜೋಡಿ ವಂಶವಾಹಿಗಳಿವೆ. ಒಂದು ತಳಿಯಲ್ಲಿ ಮೊದಲ ಜೋಡಿ ಕೆಟ್ಟಿತ್ತು, ಎರಡನೆಯದು ಸರಿಯಿತ್ತು. ಇನ್ನೊಂದು ತಳಿಯಲ್ಲಿ ಅದಲು ಬದಲು. ಸಂಕರದ ಮೊಮ್ಮಕ್ಕಳಲ್ಲಿ ಮೊದಲ ಜೋಡಿ ಪೂರ್ತಿ ಕೆಟ್ಟ ಗಿಡ ನಾಲ್ಕಕ್ಕೆ ಒಂದು, ಎರಡನೆಯ ಜೋಡಿ ಪೂರ್ತಿ ಕೆಟ್ಟದ್ದೂ ನಾಲ್ಕಕ್ಕೆ ಒಂದು. ಎರಡೂ ಒಟ್ಟಿಗೆ ಕೆಟ್ಟದ್ದು ಹದಿನಾರಕ್ಕೆ ಒಂದು.

ಹೋರಿ ಆರಿಸುವಾಗ ತಾಯಿಯ ಹಾಲಿನ ದಾಖಲೆ ನೋಡುತ್ತೇವೆ, ಏಕೆಂದರೆ ಹೋರಿಯ ಮೈಕಟ್ಟಿನಲ್ಲಿ ಹಾಲಿನ ಗುಣ ಕಾಣುವುದಿಲ್ಲ. ಗಂಟಿನ ಗುಣವೂ ಹಾಗೆ ಒಳಗೆ ಅಡಗಿ ಸಾಗಬಲ್ಲದು.

ಸಿಕ್ಕವರ ಜೊತೆ ಹೊಂದುವ ಬೆಳೆ, ಒಬ್ಬರನ್ನೇ ಕೇಳುವ ಬೆಳೆ

ಯಾವ ಬ್ಯಾಕ್ಟೀರಿಯಾಕ್ಕೆ ಬಾಗಿಲು ತೆರೆಯಬೇಕು ಎಂಬುದರಲ್ಲೂ ಬೆಳೆಗಳು ಬೇರೆ ಬೇರೆ.

1. ಅಲಸಂದೆ, ಹುರುಳಿ, ಅವರೆ, ಹೆಸರು, ಉದ್ದು, ಕಡಲೆಕಾಯಿ: ಇವು ಉದಾರ ಸ್ವಭಾವದವು. ನಮ್ಮ ಮಣ್ಣಿನಲ್ಲಿ ಮೊದಲಿನಿಂದ ಇರುವ ಹಲವು ಬಗೆಯ ಬ್ಯಾಕ್ಟೀರಿಯಾಗಳ ಜೊತೆ ಗಂಟು ಕಟ್ಟುತ್ತವೆ. ರಾಗಿಯ ನಡುವೆ ಅಕ್ಕಡಿ ಸಾಲಿನಲ್ಲಿ ಇವನ್ನು ತಲೆಮಾರುಗಳಿಂದ ಬಿತ್ತಿದ ಹೊಲದಲ್ಲಿ ಸಾಮಾನ್ಯವಾಗಿ ಬ್ಯಾಕ್ಟೀರಿಯಾಕ್ಕೆ ಕೊರತೆ ಇರದು. ಆದರೆ ಗಂಟು ಕಟ್ಟಿದ ಬ್ಯಾಕ್ಟೀರಿಯಾಗಳೆಲ್ಲ ಚುರುಕಾಗಿ ಕೆಲಸ ಮಾಡುತ್ತವೆ ಎಂದೇನಿಲ್ಲ. ಉಂಡು ಸುಮ್ಮನೆ ಕೂರುವ ಸೋಮಾರಿಗಳೂ ಇರುತ್ತವೆ.

2. ಕುದುರೆ ಮಸಾಲೆ, ಕಡಲೆ, ಸೋಯಾ ಅವರೆ, ಸುಬಾಬುಲ್: ಇವು ತಮಗೆ ಹೊಂದುವ ಬ್ಯಾಕ್ಟೀರಿಯಾವನ್ನೇ ಬಯಸುತ್ತವೆ. ಕುದುರೆ ಮಸಾಲೆಗೂ ಮೆಂತ್ಯಕ್ಕೂ ಒಂದೇ ಬಗೆಯ ಬ್ಯಾಕ್ಟೀರಿಯಾ ಆಗುತ್ತದೆ. ಎರಡನ್ನೂ ಎಂದೂ ಬೆಳೆಯದ ಕೆಂಪು ಮಣ್ಣಿನಲ್ಲಿ ಅದು ಇಲ್ಲದಿರುವ ಸಂಭವ ಹೆಚ್ಚು. ಕುದುರೆ ಮಸಾಲೆ ಮೊದಲ ಕಟಾವಿಗೇ ಹಳದಿಯಾಗಲು ಇದೂ ಒಂದು ಕಾರಣ.

3. ಸ್ಟೈಲೋ: ಇದರಲ್ಲಿ ಎರಡೂ ಸ್ವಭಾವದ ಸಸ್ಯಗಳಿವೆ. ಕೆಲವು ಯಾವುದರ ಜೊತೆಗಾದರೂ ಹೊಂದುತ್ತವೆ, ಕೆಲವು ಆರಿಸಿಕೊಳ್ಳುತ್ತವೆ.

ಈ ಸ್ವಭಾವವೂ ವಂಶದ್ದೇ ಆದ್ದರಿಂದ ಅದನ್ನು ತಳಿ ಅಭಿವೃದ್ಧಿಯಿಂದ ಬದಲಿಸಬಹುದು. ಆಫ್ರಿಕದ ನೈಜೀರಿಯಾದಲ್ಲಿರುವ ಉಷ್ಣವಲಯದ ಕೃಷಿ ಸಂಸ್ಥೆಯವರು, ಅಲ್ಲಿನ ಮಣ್ಣಿನ ಬ್ಯಾಕ್ಟೀರಿಯಾಗಳ ಜೊತೆಯೇ ಗಂಟು ಕಟ್ಟುವ ಸೋಯಾ ತಳಿಗಳನ್ನು ಹೀಗೆ ರೂಪಿಸಿದರು.

ಗಂಟು ಹೆಚ್ಚಾದಷ್ಟೂ ಒಳ್ಳೆಯದೇ?

ಅಲ್ಲ. ಗಂಟು ಸಾಕುವುದಕ್ಕೆ ಗಿಡ ಸಕ್ಕರೆ ಖರ್ಚು ಮಾಡಬೇಕು. ಸಾಕಷ್ಟು ಗಂಟಾದ ಮೇಲೆ ಎಲೆಯಿಂದ ಬೇರಿಗೆ ‘ಇನ್ನು ಸಾಕು’ ಎಂಬ ಸೂಚನೆ ಹೋಗುತ್ತದೆ. 1980ರ ದಶಕದಲ್ಲಿ ಆಸ್ಟ್ರೇಲಿಯಾದಲ್ಲಿ ಈ ಸೂಚನೆ ಕೆಟ್ಟ ಸೋಯಾ ಗಿಡಗಳನ್ನು ಪಡೆದರು. ಅವುಗಳ ಬೇರಿನ ತುಂಬ ಗಂಟು, ಗಿಡ ಮಾತ್ರ ಸೊರಗಿದ್ದು. ಕೊಟ್ಟಿಗೆಯಲ್ಲಿ ಮೇವಿಗೆ ಮೀರಿ ಹಸು ಕಟ್ಟಿದ ಹಾಗೆ. ಆದ್ದರಿಂದ ಎಣಿಕೆಗಿಂತ ಗಂಟಿನ ಒಳಬಣ್ಣವೂ ಗಿಡದ ಬೆಳವಣಿಗೆಯೂ ಮುಖ್ಯ.

ನಿಮ್ಮ ಹೊಲದಲ್ಲಿ ಪರೀಕ್ಷೆ ಮಾಡುವ ವಿಧಾನ

ಇದಕ್ಕೆ ಬೇಕಾದ್ದು ಗುದ್ದಲಿ, ಒಂದು ಬಕೆಟ್ ನೀರು, ಒಂದು ಬ್ಲೇಡು.

• ಅಲಸಂದೆಯಾದರೆ ಬಿತ್ತಿದ 30ರಿಂದ 35 ದಿನಕ್ಕೆ, ಕಡಲೆಕಾಯಿಯಾದರೆ 40ರಿಂದ 45 ದಿನಕ್ಕೆ, ಹೊಲದ ಬೇರೆ ಬೇರೆ ಕಡೆ ಒಟ್ಟು 10 ಗಿಡ ಆರಿಸಿ.
• ಗಿಡವನ್ನು ಎಳೆದು ಕೀಳಬೇಡಿ, ಗಂಟು ಮಣ್ಣಿನಲ್ಲೇ ಉದುರಿಹೋಗುತ್ತದೆ. ಸುತ್ತ ಒಂದು ಗೇಣು ಬಿಟ್ಟು ಮಣ್ಣಿನ ಹೆಂಟೆ ಸಮೇತ ಎತ್ತಿ, ಬಕೆಟ್ಟಿನಲ್ಲಿ ನೆನೆಸಿ, ಮೆಲ್ಲಗೆ ತೊಳೆಯಿರಿ.
• ಗಂಟನ್ನು ಕತ್ತರಿಸಿ ನೋಡಿ. ಒಳಗೆ ಗುಲಾಬಿ ಅಥವಾ ಕೆಂಪು ಬಣ್ಣವಿದ್ದರೆ ಕೆಲಸ ನಡೆಯುತ್ತಿದೆ. ನಮ್ಮ ರಕ್ತದ ಕೆಂಪಿಗೆ ಕಾರಣವಾದ ವಸ್ತುವಿನ ಬಂಧು ಗಂಟಿನಲ್ಲೂ ಇದೆ, ಆ ಬಣ್ಣ ಅದರದ್ದು. ಬಿಳಿ, ಹಸಿರು, ಕಂದು ಇದ್ದರೆ ಆ ಗಂಟು ಇನ್ನೂ ಎಳೆಯದು, ಇಲ್ಲವೇ ಸೋಮಾರಿ, ಇಲ್ಲವೇ ಮುಗಿದದ್ದು.
• ಜಂತುಹುಳುವಿನ ಗಂಟಿನೊಂದಿಗೆ ಗೊಂದಲ ಬೇಡ. ರೈಜೋಬಿಯಂ ಗಂಟು ಬೇರಿನ ಪಕ್ಕಕ್ಕೆ ಅಂಟಿಕೊಂಡಿರುತ್ತದೆ, ಬೆರಳಿನಿಂದ ಉಜ್ಜಿದರೆ ಕಳಚುತ್ತದೆ. ಜಂತುಹುಳುವಿನದಾದರೆ ಬೇರೇ ಊದಿಕೊಂಡಿರುತ್ತದೆ, ಕಳಚುವುದಿಲ್ಲ.
• ಹತ್ತೂ ಗಿಡದಲ್ಲಿ ಗಂಟಿಲ್ಲದಿದ್ದರೆ ಮಣ್ಣಿನಲ್ಲಿ ತಕ್ಕ ಬ್ಯಾಕ್ಟೀರಿಯಾ ಇಲ್ಲ, ಅಥವಾ ಸಾರಜನಕ ಅತಿಯಾಗಿದೆ, ಅಥವಾ ಮಣ್ಣು ಹುಳಿಯಾಗಿದೆ, ರಂಜಕ ಸಾಲದು. ಒಂದು ಗಿಡದಲ್ಲಿ ಮಾತ್ರ ಇಲ್ಲದೆ ಪಕ್ಕದ ಗಿಡಗಳಲ್ಲಿ ತುಂಬಿದ್ದರೆ ಬೀಜದ ಗುಣವನ್ನೂ ಅನುಮಾನಿಸಬಹುದು.

ಇನ್ನೊಂದು ಸುಲಭ ಪರೀಕ್ಷೆ: ಅಲಸಂದೆ ಹೊಲದಲ್ಲಿ ಎರಡು ಸಾಲಿಗೆ ಮಾತ್ರ ಯೂರಿಯಾ ಕೊಟ್ಟು ಗೂಟ ನೆಟ್ಟು ಗುರುತಿಡಿ. ತಿಂಗಳ ನಂತರ ಆ ಸಾಲು ಉಳಿದವಕ್ಕಿಂತ ಎದ್ದು ಕಾಣುವಷ್ಟು ಹಸಿರಾಗಿದ್ದರೆ ನಿಮ್ಮ ಗಂಟುಗಳು ಸಾಕಷ್ಟು ದುಡಿಯುತ್ತಿಲ್ಲ. ವ್ಯತ್ಯಾಸವೇ ಕಾಣದಿದ್ದರೆ ಯೂರಿಯಾದ ದುಡ್ಡು ಉಳಿಯಿತು.

ಗೊಬ್ಬರ ಮತ್ತು ಸ್ಲರಿ: ಎಚ್ಚರ

ಮಣ್ಣಿನಲ್ಲಿ ಸಾರಜನಕ ಧಾರಾಳವಾಗಿದ್ದರೆ ಗಿಡ ಗಂಟು ಕಟ್ಟುವ ಗೋಜಿಗೆ ಹೋಗುವುದಿಲ್ಲ. ಹಸು ಸಾಕುವವರ ಹೊಲದಲ್ಲಿ ಇದು ಮುಖ್ಯ ಸಂಗತಿ. ಕೊಟ್ಟಿಗೆಯ ಗಂಜಲ, ಸ್ಲರಿ ದಿನವೂ ಹರಿಯುವ ತುಂಡಿನಲ್ಲಿ ಅಲಸಂದೆ ಹಾಕಿದರೆ ಬೆಳೆ ಹಸಿರಾಗಿಯೇ ಬರಬಹುದು, ಆದರೆ ಗಾಳಿಯ ಸಾರಜನಕ ಬಿಟ್ಟು ಸ್ಲರಿಯದ್ದನ್ನೇ ತಿನ್ನುತ್ತದೆ. ಸ್ಲರಿಯನ್ನು ನೇಪಿಯರ್, ಮೆಕ್ಕೆಜೋಳಕ್ಕೆ ಕೊಡಿ. ದ್ವಿದಳ ಮೇವಿಗೆ ಕೊಟ್ಟಿಗೆಯಿಂದ ದೂರದ ತುಂಡು ಇರಲಿ.

ಅಲಸಂದೆಗೆ ಆರಂಭದಲ್ಲಿ ಎಕರೆಗೆ 10 ಕೆ.ಜಿ. ಸಾರಜನಕ ಸಾಕು. ಬಿತ್ತುವಾಗ 50 ಕೆ.ಜಿ.ಯ ಒಂದು ಚೀಲ ಡಿಎಪಿ ಹಾಕಿದರೆ ಅದರಲ್ಲೇ 9 ಕೆ.ಜಿ. ಸಾರಜನಕವೂ 23 ಕೆ.ಜಿ. ರಂಜಕವೂ ಬಂದಿರುತ್ತದೆ. ಮತ್ತೆ ಮೇಲುಗೊಬ್ಬರವಾಗಿ ಯೂರಿಯಾ ಎರಚಬೇಕಾಗಿಲ್ಲ.

ರೈಜೋಬಿಯಂ ಬೀಜೋಪಚಾರ

ಹೊಸದಾಗಿ ಕುದುರೆ ಮಸಾಲೆ, ಸೋಯಾ ಹಾಕುವವರು ಬೀಜೋಪಚಾರ ತಪ್ಪಿಸಬಾರದು. ಅಲಸಂದೆ, ಕಡಲೆಕಾಯಿಗೆ ಮೇಲಿನ ಪರೀಕ್ಷೆಯಲ್ಲಿ ಗಂಟು ಕಡಿಮೆ ಕಂಡರೆ ಮಾಡಿ.

• ಪೊಟ್ಟಣದ ಮೇಲೆ ನಿಮ್ಮ ಬೆಳೆಯ ಹೆಸರು ಇದೆಯೇ, ಅವಧಿ ಮುಗಿದಿಲ್ಲವೇ ನೋಡಿ. ಕಡಲೆಯ ರೈಜೋಬಿಯಂ ಕುದುರೆ ಮಸಾಲೆಗೆ ಆಗದು.
• ಪೊಟ್ಟಣವನ್ನು ಬಿಸಿಲಿಗೆ ಇಡಬೇಡಿ. ಅದರಲ್ಲಿರುವುದು ಜೀವ.
• ಆರಿಸಿದ ಬೆಲ್ಲದ ಪಾಕದಲ್ಲಿ ಬೀಜ ಒದ್ದೆ ಮಾಡಿ, ಪುಡಿ ಲೇಪಿಸಿ, ನೆರಳಿನಲ್ಲಿ ಒಣಗಿಸಿ, ಅಂದೇ ಬಿತ್ತಿ.
• ಶಿಲೀಂಧ್ರನಾಶಕ ಹಚ್ಚಿದ ಬೀಜಕ್ಕೆ ಅದರ ಜೊತೆಯಲ್ಲೇ ಇದನ್ನು ಬೆರೆಸಬೇಡಿ.
• ಮಣ್ಣು ಹುಳಿಯಾಗಿದ್ದರೆ ಪರೀಕ್ಷೆ ಮಾಡಿಸಿ, ಶಿಫಾರಸಿನಂತೆ ಸುಣ್ಣ ಹಾಕಿ.

ಬೀಜ ಎತ್ತಿಡುವಾಗ

ಅಲಸಂದೆ, ಹುರುಳಿ, ಕಡಲೆಕಾಯಿ ಬಹುಮಟ್ಟಿಗೆ ತಮ್ಮ ಹೂವಿನಲ್ಲೇ ತಾವು ಕಾಯಿಕಟ್ಟುವ ಬೆಳೆಗಳು. ತಾಯಿ ಗಿಡದ ಗುಣ ಬೀಜದಲ್ಲಿ ಹಾಗೆಯೇ ಸಾಗುತ್ತದೆ. ಆದ್ದರಿಂದ ಬೀಜಕ್ಕೆಂದು ಬಿಡುವ ತುಂಡು ಗೊಬ್ಬರ ತಿಂದು ಕೊಬ್ಬಿದ ತುಂಡಾಗಿರದಿರಲಿ. ಯೂರಿಯಾ, ಸ್ಲರಿ ಕಾಣದ ತುಂಡಿನಲ್ಲಿ, ರೋಗವಿಲ್ಲದೆ, ಸುತ್ತಲಿನ ಗಿಡಗಳಿಗಿಂತ ಹಸಿರಾಗಿ, ದಟ್ಟ ಎಲೆಯೊಡನೆ ನಿಂತ ಗಿಡಗಳಿಗೆ ದಾರ ಕಟ್ಟಿ ಗುರುತಿಸಿ. ಅವುಗಳ ಬೀಜವನ್ನೇ ಬೇರೆ ತೆಗೆದಿಡಿ. ಬಡ ನೆಲದಲ್ಲಿ ಹಸಿರಾಗಿ ನಿಂತ ಗಿಡ ತನ್ನ ಸಾರಜನಕವನ್ನು ತಾನೇ ದುಡಿದುಕೊಂಡಿರುವ ಸಾಧ್ಯತೆ ಹೆಚ್ಚು. ಹೊಸ ಬೀಜ ಬೇಕಾದವರು ಮಂಡ್ಯದ ವಿ.ಸಿ. ಫಾರ್ಮ್‌ನಲ್ಲಿ ಅಭಿವೃದ್ಧಿಯಾದ ಎಂಎಫ್‌ಸಿ-08-14, ಎಂಎಫ್‌ಸಿ-09-1 ಮೇವಿನ ಅಲಸಂದೆ ತಳಿಗಳನ್ನು ವಿಚಾರಿಸಬಹುದು.

ಸಾಮಾನ್ಯ ಪ್ರಶ್ನೆಗಳು

ಪ್ರಶ್ನೆ: ಗಂಟಿನ ಸಾರಜನಕ ಮುಂದಿನ ರಾಗಿಗೂ ಸಿಗುತ್ತದೆಯೇ?
ಉತ್ತರ: ಬೇರು, ಗಂಟು, ಉದುರಿದ ಎಲೆ ಮಣ್ಣಿನಲ್ಲಿ ಕೊಳೆತಾಗ ಸಿಗುತ್ತದೆ. ಗಿಡವನ್ನು ಬೇರುಸಹಿತ ಕಿತ್ತು ಮೇವಿಗೆ ತಂದರೆ ಆ ಪಾಲು ಕಡಿಮೆಯಾಗುತ್ತದೆ. ಕುಡುಗೋಲಿನಿಂದ ಕೊಯ್ದು ಬೇರನ್ನು ನೆಲದಲ್ಲೇ ಬಿಡಿ, ಸಗಣಿ ಗೊಬ್ಬರವನ್ನು ಹೊಲಕ್ಕೆ ಹಿಂತಿರುಗಿಸಿ.

ಪ್ರಶ್ನೆ: ಒಳ್ಳೆಯ ಗಂಟಿರುವ ಅಲಸಂದೆಯನ್ನು ಹಸುವಿಗೆ ಬೇಕಾದಷ್ಟು ಹಾಕಬಹುದೇ?
ಉತ್ತರ: ಬೇಡ. ಎಳೆಯ ದ್ವಿದಳ ಮೇವು ಹೆಚ್ಚಾದರೆ ಹೊಟ್ಟೆ ಉಬ್ಬರ ಬರಬಹುದು. ಎರಡು ಪಾಲು ಏಕದಳ ಮೇವಿಗೆ ಒಂದು ಪಾಲು ದ್ವಿದಳ ಸೇರಿಸಿ, ಮೊದಲು ಸ್ವಲ್ಪ ಒಣಹುಲ್ಲು ಕೊಟ್ಟು ಹಾಕಿ.

ಪ್ರಶ್ನೆ: ಹೂವಾಡಿದ ಮೇಲೆ ಗಂಟು ಒಳಗೆ ಹಸಿರಾಗಿದೆ. ತಳಿ ಕೆಟ್ಟದ್ದೇ?
ಉತ್ತರ: ಹಾಗೆ ತೀರ್ಮಾನಿಸಬೇಡಿ. ಕಾಯಿ ತುಂಬುವಾಗ ಗಿಡ ಗಂಟಿಗೆ ಸಕ್ಕರೆ ಕೊಡುವುದನ್ನು ಕಡಿಮೆ ಮಾಡುತ್ತದೆ, ಗಂಟು ಮುಪ್ಪಾಗುತ್ತದೆ. ಪರೀಕ್ಷೆಯನ್ನು ಹೂವಿಗೆ ಮುಂಚೆ ಮಾಡಿ.

ನೆನಪಿಡಿ

• ಗಂಟು ಕಟ್ಟುವ ಗುಣ ವಂಶದಿಂದ ಬರುತ್ತದೆ. ತಳಿಯಿಂದ ತಳಿಗೆ, ಕೆಲವೊಮ್ಮೆ ಗಿಡದಿಂದ ಗಿಡಕ್ಕೆ ಬೇರೆ.
• ಹೊಂದುವ ಬ್ಯಾಕ್ಟೀರಿಯಾ ಇದ್ದರಷ್ಟೇ ಆ ಗುಣ ಫಲ ಕೊಡುತ್ತದೆ.
• ಹೆಚ್ಚಿನ ಯೂರಿಯಾ ಮತ್ತು ಸ್ಲರಿ, ಗಂಟನ್ನೂ ನಿಲ್ಲಿಸುತ್ತವೆ, ಕೆಟ್ಟ ಗಿಡದ ಕುಂದನ್ನೂ ಮುಚ್ಚುತ್ತವೆ.
• ಪ್ರತಿ ಹಂಗಾಮಿನಲ್ಲಿ ಹತ್ತು ಗಿಡ ಅಗೆದು ಬೇರು ನೋಡಿ. ಕೆಚ್ಚಲು ನೋಡಿ ಹಸು ಕೊಳ್ಳುವ ನಾವು, ಬೇರು ನೋಡಿ ಬೀಜ ಆರಿಸುವುದನ್ನೂ ಕಲಿಯೋಣ.